ಜೀಪು ಕೊಳ್ಳಲು ಹೋಗಿ ಕೆಟ್ಟರು, ಲಾರಿ ಕಟ್ಟಿಸಿ ಉಳಿದರು: ಕೃಷ್ಣ ಮೆನನ್ ನಮಗೆ ಬಿಟ್ಟುಹೋದ ಪ್ರಶ್ನೆ

ಇಂಜಿನಿಯರಿಂಗ್ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಮಾದನಾಯಕನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿಗೆ. ತುಮಕೂರು ರಸ್ತೆಯಿಂದ ಒಳಗೆ ತಿರುಗಿದರೆ ಶೀಟ್ ಹೊದಿಸಿದ ಶೆಡ್ಡು, ನಾಲ್ಕು ಲೇತು, ಎರಡು ಮಿಲ್ಲಿಂಗ್ ಮಷೀನು. ದೊಡ್ಡ ಕಂಪನಿಗಳಿಂದ ಡ್ರಾಯಿಂಗ್ ಬರುತ್ತಿತ್ತು, ನಾವು ಜಾಬ್ ಮಾಡಿ ಕಳಿಸುತ್ತಿದ್ದೆವು. ಆ ಭಾಗ ಯಾವ ಗಾಡಿಗೆ ಹೋಗುತ್ತೆ, ಆ ತೂತು ಅಷ್ಟೇ ಮಿಲಿಮೀಟರ್ ಯಾಕಿರಬೇಕು, ನಮಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿರಬೇಕು ಅಂತ ಯಾರೂ ಅಂದುಕೊಂಡೂ ಇರಲಿಲ್ಲ. ಅಳತೆ ಸರಿ ಇದ್ದರೆ ಬಿಲ್ ಪಾಸ್, ತಪ್ಪಿದರೆ ರಿಜೆಕ್ಷನ್. ಅಷ್ಟೇ.

ಹೆದ್ದಾರಿಯಲ್ಲಿ ಆಗಾಗ ಸೇನೆಯ ಹಸಿರು ಗಾಡಿಗಳ ಸಾಲು ಹೋಗುತ್ತಿತ್ತು. ನಮ್ಮ ಹಿರಿಯ ಮೇಸ್ತ್ರಿ ಅವನ್ನೆಲ್ಲ ಶಕ್ತಿಮಾನ್ ಅಂತಲೇ ಕರೆಯೋರು. ನನ್ನ ವಯಸ್ಸಿನವರಿಗೆ ಶಕ್ತಿಮಾನ್ ಅಂದ್ರೆ ಟಿವಿಯಲ್ಲಿ ಗಿರಗಿರ ತಿರುಗಿ ಹಾರುತ್ತಿದ್ದ ಹೀರೋ. ಅವರಿಗೆ ಅದು ಲಾರಿಯ ಹೆಸರು. ಜರ್ಮನಿಯ ಡ್ರಾಯಿಂಗ್, ಜಬಲ್ಪುರದ ಕಾರ್ಖಾನೆ, ಭಾರತದ ಸೈನ್ಯ. ಆ ಲಾರಿಯ ಹಿಂದೆ ಒಬ್ಬ ರಾಜಕಾರಣಿಯ ಹಠ ಇತ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಪತ್ರಿಕೋದ್ಯಮಕ್ಕೆ ಬಂದಮೇಲೆ.

ಆ ರಾಜಕಾರಣಿ ವಿ.ಕೆ. ಕೃಷ್ಣ ಮೆನನ್. ಇವತ್ತು ಸೋಷಿಯಲ್ ಮೀಡಿಯಾದಲ್ಲಿ ಇವರ ಹೆಸರು ಬರೋದು ಎರಡೇ ಸಂದರ್ಭದಲ್ಲಿ. ಒಂದು, ಸ್ವತಂತ್ರ ಭಾರತದ ಮೊದಲ ಹಗರಣ ಎನ್ನಲಾಗುವ ಜೀಪ್ ಹಗರಣ. ಎರಡು, 1962ರ ಸೋಲು. ಎರಡೂ ನಿಜ. ಆದರೆ ಈ ಎರಡರ ನಡುವೆ ಅವರು ಮಾಡಿದ ಒಂದು ಕೆಲಸ ಇದೆ. ಅದನ್ನು ಬಿಟ್ಟು ಅವರ ಬದುಕನ್ನು ಓದಿದರೆ, ನಾವು ಇವತ್ತು ದಿನಬೆಳಗಾದರೆ ಕೇಳುವ ಆತ್ಮನಿರ್ಭರದ ಮಾತನ್ನೂ ಅರ್ಧವೇ ಓದಿದ ಹಾಗೆ.

ಮಲಬಾರಿನಿಂದ ಲಂಡನ್ನಿಗೆ

ಮೆನನ್ ಹುಟ್ಟಿದ್ದು 1896ರ ಮೇ 3ರಂದು, ತಲಶ್ಶೇರಿಯಲ್ಲಿ. ಆಗ ಮಲಬಾರೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದ್ರಾಸ್ ಪ್ರಾಂತ್ಯದ ಎರಡು ಜಿಲ್ಲೆಗಳು. ತಂದೆ ಅನುಕೂಲಸ್ಥ ವಕೀಲರು. ಮಗನೂ ವಕೀಲನಾಗಲಿ ಅಂತ ಮದ್ರಾಸಿಗೆ ಓದಲು ಕಳಿಸಿದರು. ಅಲ್ಲಿ ಹುಡುಗ ಆನಿ ಬೆಸೆಂಟ್ ಅವರ ಹೋಂ ರೂಲ್ ಚಳವಳಿಗೆ ಬಿದ್ದ. 1924ರಲ್ಲಿ ಇಂಗ್ಲೆಂಡಿಗೆ ಹೋದವರು ಅಲ್ಲೇ ಇಪ್ಪತ್ತೆಂಟು ವರ್ಷ ಇದ್ದುಬಿಟ್ಟರು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹೆರಾಲ್ಡ್ ಲಾಸ್ಕಿ ಅವರ ಶಿಷ್ಯ. ಇಂಡಿಯಾ ಲೀಗ್ ಸಂಘಟನೆಯ ಕಾರ್ಯದರ್ಶಿಯಾಗಿ, ಭಾರತಕ್ಕೆ ಸ್ವಾತಂತ್ರ್ಯ ಯಾಕೆ ಕೊಡಬೇಕು ಅಂತ ಬ್ರಿಟಿಷರ ಮನೆಬಾಗಿಲಲ್ಲೇ ನಿಂತು ವಾದಿಸಿದರು. ಬ್ರಿಟಿಷ್ ಗುಪ್ತಚರರು ವರ್ಷಗಟ್ಟಲೆ ಇವರ ಬೆನ್ನು ಹತ್ತಿದ್ದರು. ಹೊಟ್ಟೆಪಾಡಿಗೆ ಪುಸ್ತಕ ಸಂಪಾದನೆ. ಪೆಂಗ್ವಿನ್ ಸಂಸ್ಥೆ 1937ರಲ್ಲಿ ಪೆಲಿಕನ್ ಮಾಲೆ ಶುರು ಮಾಡಿದಾಗ ಅದರ ಸಂಪಾದಕರಲ್ಲಿ ಇವರೂ ಒಬ್ಬರು. ದುಬಾರಿ ಜ್ಞಾನವನ್ನು ಕಡಿಮೆ ಬೆಲೆಗೆ ಸಾಮಾನ್ಯನ ಕೈಗೆ ಕೊಡುವ ಮಾಲೆ ಅದು. 1934ರಿಂದ 1947ರವರೆಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಲೇಬರ್ ಪಕ್ಷದ ಕೌನ್ಸಿಲರ್ ಕೂಡ ಆಗಿದ್ದರು. ಹೊಟ್ಟೆಗೆ ಹೆಚ್ಚಾಗಿ ಚಹಾ, ಬಿಸ್ಕತ್ತು. ಕೈಯಲ್ಲಿ ಊರುಗೋಲು. ನಾಲಿಗೆ ಮಾತ್ರ ಚಾಕು. ಸ್ನೇಹಿತರನ್ನು ಗಳಿಸುವ ವೇಗದಲ್ಲೇ ಕಳೆದುಕೊಳ್ಳುತ್ತಿದ್ದರು. ಕೊನೆತನಕ ಉಳಿದ ದೊಡ್ಡ ಸ್ನೇಹಿತ ಒಬ್ಬರೇ: ಜವಾಹರಲಾಲ್ ನೆಹರೂ.

155 ಜೀಪುಗಳು

1947ರಲ್ಲಿ ನೆಹರೂ ಇವರನ್ನು ಬ್ರಿಟನ್ನಿಗೆ ಸ್ವತಂತ್ರ ಭಾರತದ ಮೊದಲ ಹೈಕಮಿಷನರ್ ಮಾಡಿದರು. ಕಾಶ್ಮೀರದಲ್ಲಿ ಯುದ್ಧ ಶುರುವಾಗಿತ್ತು. ಬೆಟ್ಟಗಾಡಿನ ಯುದ್ಧ ಅಂದ್ರೆ ರಸ್ತೆಯೇ ಇಲ್ಲದ ಕಡೆ ಓಡುವ ಗಾಡಿ ಬೇಕು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತ ಸಿಗಬೇಕು, ಕೆಳಗೆ ಕಲ್ಲು ತಾಗದಷ್ಟು ಎತ್ತರ ಇರಬೇಕು. ನಮ್ಮ ಹತ್ತಿರ ಅಂಥದ್ದನ್ನು ಮಾಡುವ ಕಾರ್ಖಾನೆ ಇರಲಿಲ್ಲ. ಜೀಪು ಬೇಕು, ಬೇಗ ಬೇಕು ಅಂತ ಲಂಡನ್ನಿಗೆ ಬೇಡಿಕೆ ಹೋಯಿತು.

1948ರಲ್ಲಿ ಮೆನನ್ ಕ್ರಮಬದ್ಧ ದಾರಿ ಬಿಟ್ಟು ವಿದೇಶಿ ಕಂಪನಿಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಹಣದ ದೊಡ್ಡ ಪಾಲು ಮುಂಗಡವಾಗಿಯೇ ಹೋಯಿತು. ಬಂದದ್ದು 155 ಜೀಪು. ಅವೂ ಉಪಯೋಗಕ್ಕೆ ಬಾರದಂಥವು ಅನ್ನೋ ದೂರು. ಸಂಸತ್ತಿನಲ್ಲಿ ಗದ್ದಲ ಎದ್ದಿತು, ಸಮಿತಿ ಕೂತಿತು, ಆಕ್ಷೇಪ ಬರೆಯಿತು. ಮೆನನ್ ತಮ್ಮ ಜೇಬಿಗೆ ಹಣ ಇಳಿಸಿಕೊಂಡರು ಅಂತ ಯಾರೂ ಸಾಬೀತು ಮಾಡಲಿಲ್ಲ. ಆದರೆ ಲೆಕ್ಕ ಕೊಡಬೇಕಾದವರು ಕೊಡಲೂ ಇಲ್ಲ. 1955ರ ಸೆಪ್ಟೆಂಬರ್ 30ರಂದು ಗೃಹ ಸಚಿವ ಗೋವಿಂದ ವಲ್ಲಭ ಪಂತ್ ಪ್ರಕರಣ ಮುಗಿಯಿತು ಅಂತ ಘೋಷಿಸಿದರು. ಮುಂದಿನ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಸಂಪುಟದಲ್ಲಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಅದೇ 1948ರ ನವೆಂಬರ್ 1ರಂದು, ಮಡಿಕೇರಿಯಲ್ಲಿ ಹುಟ್ಟಿದ ಒಬ್ಬ ಜನರಲ್ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ, ಯುದ್ಧದ ದಿಕ್ಕನ್ನೇ ತಿರುಗಿಸಿದ್ದರು. ಅವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಬೆಟ್ಟದಲ್ಲಿ ಗಾಡಿಯ ಬೆಲೆ ಏನು ಅಂತ ಕಣ್ಣಾರೆ ಕಂಡವರು. ಮೆನನ್ ಕಥೆಯಲ್ಲಿ ಇವರು ಮತ್ತೆ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಡ್ರಾಯಿಂಗ್ ಅವರದು, ಕಾರ್ಖಾನೆ ನಮ್ಮದು

1957ರ ಜನವರಿಯಲ್ಲಿ ಮೆನನ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಸುಮಾರು ಎಂಟು ಗಂಟೆ ಮಾತಾಡಿದರು. ನಡುವೆ ಕುಸಿದೂ ಬಿದ್ದರು. ದೇಶದಲ್ಲಿ ಹೀರೋ ಆದರು. ಅದೇ ವರ್ಷ ಉತ್ತರ ಬಾಂಬೆಯಿಂದ ಲೋಕಸಭೆಗೆ ಗೆದ್ದು ರಕ್ಷಣಾ ಸಚಿವರಾದರು.

ಜೀಪು ಕೊಂಡು ಹೆಸರು ಕೆಡಿಸಿಕೊಂಡವರು ಈಗ ಗಾಡಿಗಳನ್ನು ಇಲ್ಲೇ ಕಟ್ಟಬೇಕು ಅಂತ ಕೂತರು. ಹಳೆಯ ಅವಮಾನ ಇದಕ್ಕೆ ಕಾರಣವೋ, ಸಮಾಜವಾದಿ ನಂಬಿಕೆ ಕಾರಣವೋ? ಎರಡೂ ಇದ್ದಿರಬಹುದು ಅನ್ನೋದು ನನ್ನ ಊಹೆ. ಅವರ ತರ್ಕ ಮಾತ್ರ ಸರಳ. ಆಯುಧ ಮಾರುವವನು ಯುದ್ಧದ ಹೊತ್ತಲ್ಲಿ ಬಿಡಿಭಾಗ ನಿಲ್ಲಿಸಿದರೆ ನಮ್ಮ ವಿದೇಶಾಂಗ ನೀತಿ ಅವನ ಜೇಬಲ್ಲಿ.

ಸೈನ್ಯದ ಲಾರಿಗೆ ಜರ್ಮನಿಯ ಮಾನ್ ಕಂಪನಿಯ ಮಾದರಿ ಆರಿಸಿದರು. ಲೈಸೆನ್ಸ್ ಪಡೆದು 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಉತ್ಪಾದನೆ ಶುರುವಾಯಿತು. 1904ರಲ್ಲಿ ತೋಪಿನ ಗಾಡಿ ಮಾಡಲು ಬ್ರಿಟಿಷರು ಕಟ್ಟಿದ ಕಾರ್ಖಾನೆ ಅದು. ಲಾರಿಗೆ ಶಕ್ತಿಮಾನ್ ಅಂತ ಹೆಸರಿಟ್ಟರು. ಅದರ ಬೆನ್ನಿಗೇ ಜಪಾನಿನ ನಿಸ್ಸಾನ್ ಜೊತೆ ಒಪ್ಪಂದವಾಗಿ ಒಂದು ಟನ್ನಿನ ಸಣ್ಣ ಟ್ರಕ್ಕು ಬಂತು. ನಿಸ್ಸಾನ್ ಪೆಟ್ರೋಲ್ ಮಾದರಿಯ ಜೀಪಿಗೆ ಜೊಂಗಾ ಅನ್ನೋ ಹೆಸರು ಬಂತು. ಕೇಳಲು ಯಾವುದೋ ಆಫ್ರಿಕಾದ ಪದದ ಹಾಗಿದೆ ಅಲ್ವಾ? ನಿಜಕ್ಕೂ ಅದು ಜಬಲ್ಪುರದ ಆ ಕಾರ್ಖಾನೆಗಳ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿ ಮಾಡಿದ್ದು.

ಲೈಸೆನ್ಸ್ ಉತ್ಪಾದನೆ ಅಂದ್ರೆ ಏನು? ಮೊದಲು ಬಿಡಿಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಬರುತ್ತವೆ, ನಾವು ಜೋಡಿಸುತ್ತೇವೆ. ಆಮೇಲೆ ಸುಲಭದ ಭಾಗಗಳು ಇಲ್ಲೇ: ಬಾಡಿ, ಸೀಟು, ಛಾಸಿಯ ಕಮಾನು. ಕಷ್ಟ ಬರೋದು ಕೊನೆಗೆ. ಗೇರು, ಆಕ್ಸಲ್ಲು, ಇಂಜಿನ್ನಿನ ಕ್ರ್ಯಾಂಕ್. ಡ್ರಾಯಿಂಗ್‌ನಲ್ಲಿ ಜರ್ಮನ್ ಉಕ್ಕಿನ ದರ್ಜೆ ಬರೆದಿರುತ್ತೆ, ಅದಕ್ಕೆ ಸಮನಾದ ಉಕ್ಕು ಇಲ್ಲಿ ಸಿಗಬೇಕು. ಗೇರಿನ ಹಲ್ಲಿನ ಮೇಲ್ಮೈ ಗಟ್ಟಿಯಾಗಬೇಕು, ಒಳಗೆ ಮೆತ್ತಗೇ ಉಳಿಯಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದ ಗಾಡಿಯ ಗೇರು ಹಲ್ಲು ಉದುರಿಸುತ್ತೆ. ಈ ವಿದ್ಯೆ ಡ್ರಾಯಿಂಗ್ ನೋಡಿ ಬರಲ್ಲ. ಸಾವಿರ ಪೀಸು ಹಾಳು ಮಾಡಿದ ಮೇಲೆ ಬರುತ್ತೆ. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಒಂದು ದಿನ ನಿಂತು ನೋಡಿ, ಅರ್ಥ ಆಗುತ್ತೆ.

ಆಗ ಟೀಕೆ ಕಡಿಮೆ ಇರಲಿಲ್ಲ. ಖಾಸಗಿ ಕಂಪನಿಗಳು ಲಾರಿ ಮಾಡುತ್ತಿರುವಾಗ ಸರ್ಕಾರ ಯಾಕೆ ಮಾಡಬೇಕು ಅನ್ನೋದು ಒಂದು. ಆಯುಧ ಕಾರ್ಖಾನೆಗಳಲ್ಲಿ ಕಾಫಿ ಯಂತ್ರ ಮಾಡಿಸುತ್ತಿದ್ದಾರೆ ಅನ್ನೋದು ಇನ್ನೊಂದು. ಎರಡನೆಯದು ಮೆನನ್ ಹೆಸರಿಗೆ ಕೊನೆತನಕ ಅಂಟಿಕೊಂಡಿತು.

ಬೆಂಗಳೂರಿನ ಪಾಲು

ಮೆನನ್ ಕಾಲದ ಹಠದ ದೊಡ್ಡ ಪಾಲು ನಮ್ಮೂರಿಗೂ ಬಂತು. 1958ರಲ್ಲಿ ಡಿಆರ್‌ಡಿಒ ಹುಟ್ಟಿತು. ರೇಡಾರಿನ ಎಲ್‌ಆರ್‌ಡಿಇ, ವಿಮಾನ ತಂತ್ರಜ್ಞಾನದ ಎಡಿಇ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ ಆ ವರ್ಷಗಳಲ್ಲೇ ಶುರುವಾದವು. ಎಚ್‌ಎಎಲ್‌ನಲ್ಲಿ ಬ್ರಿಟಿಷರ ನ್ಯಾಟ್ ವಿಮಾನದ ಲೈಸೆನ್ಸ್ ಉತ್ಪಾದನೆ ನಡೆಯಿತು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲೇ ಬೆಂಗಳೂರಿಗೆ ಬಂದಿದ್ದರು. ಅವರ ತಂಡ ಮತ್ತು ಎಚ್‌ಎಎಲ್‌ನ ನಮ್ಮ ಇಂಜಿನಿಯರುಗಳು ಸೇರಿ ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ ಫೈಟರ್ ವಿಮಾನ 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಏರಿತು.

ಇಲ್ಲಿ ಎರಡು ದಾರಿ ಕಾಣುತ್ತವೆ. ನ್ಯಾಟ್ ಬಂದಾಗ ಬೇರೆಯವರ ಡ್ರಾಯಿಂಗ್. ಆದರೆ ಎಚ್‌ಎಎಲ್ ಅದನ್ನು ವರ್ಷಗಟ್ಟಲೆ ಕಟ್ಟಿ, ಅದರ ದೋಷಗಳನ್ನು ಅರಿತು, 70ರ ದಶಕದಲ್ಲಿ ಅಜೀತ್ ಅನ್ನೋ ಸುಧಾರಿತ ವಿಮಾನ ಮಾಡಿತು. ಏಣಿಯ ಒಂದು ಮೆಟ್ಟಿಲು ಹತ್ತಿದ ಹಾಗೆ. ಮಾರುತ್‌ಗೆ ಮೈಕಟ್ಟು ಚೆನ್ನಾಗಿತ್ತು, ತಕ್ಕ ಇಂಜಿನ್ ಕೊನೆಗೂ ಸಿಗಲಿಲ್ಲ. ಹಾರಲು ಬೇಕಾದ ಎಲ್ಲವೂ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅದು ಪಾಠ.

ವಿಜಯಪುರದ ಸೈನಿಕ ಶಾಲೆಯ ಹಳೆ ವಿದ್ಯಾರ್ಥಿಗಳು ನಿಮ್ಮಲ್ಲಿ ಯಾರಾದರೂ ಇದ್ದರೆ ನಿಮಗೂ ಈ ಮನುಷ್ಯನ ನಂಟಿದೆ. 1961ರಲ್ಲಿ ಶುರುವಾದ ಸೈನಿಕ ಶಾಲೆಗಳ ಯೋಜನೆ ಮೆನನ್ ಅವರದೇ. ಸಾಮಾನ್ಯರ ಮಕ್ಕಳೂ ಸೇನೆಯಲ್ಲಿ ಅಧಿಕಾರಿಗಳಾಗಬೇಕು ಅನ್ನೋದು ಅದರ ಉದ್ದೇಶ.

ತಿಮ್ಮಯ್ಯನವರ ರಾಜೀನಾಮೆ

ಕಾರ್ಖಾನೆ ಕಟ್ಟಿದ ಮೆನನ್‌ಗೆ ಸೈನ್ಯವನ್ನು ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಇದೇ ಅವರ ಬದುಕಿನ ದುರಂತ.

1957ರಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಒಬ್ಬರು ಸೈನಿಕರ ಕಣ್ಮಣಿ, ಇನ್ನೊಬ್ಬರು ಪ್ರಧಾನಿಯ ಆಪ್ತ. ಬಡ್ತಿಗಳಲ್ಲಿ ಸಚಿವರು ತಮಗೆ ಬೇಕಾದವರನ್ನು ಮುಂದೆ ತರುತ್ತಿದ್ದಾರೆ, ಸೇನೆಯ ಸಿದ್ಧತೆಯ ಬೇಡಿಕೆಗಳನ್ನು ತಳ್ಳಿಹಾಕುತ್ತಿದ್ದಾರೆ ಅನ್ನೋದು ತಿಮ್ಮಯ್ಯನವರ ಅಸಮಾಧಾನ. ಚೀನಾದ ಗಡಿಯಲ್ಲಿ ಗುಂಡಿನ ಸದ್ದು ಕೇಳತೊಡಗಿತ್ತು. 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟೇಬಿಟ್ಟರು. ನೆಹರೂ ಕರೆಸಿ, ಒಪ್ಪಿಸಿ, ವಾಪಸ್ ಪಡೆಯುವಂತೆ ಮಾಡಿದರು. ಆಮೇಲೆ ಸಂಸತ್ತಿನಲ್ಲಿ ನಿಂತು ಮೆನನ್ ಪರವಾಗಿಯೇ ಮಾತಾಡಿದರು. 1961ರಲ್ಲಿ ತಿಮ್ಮಯ್ಯ ನಿವೃತ್ತರಾದರು. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಹೋದಾಗ ನೋಡಿ ಬನ್ನಿ.

ಚುನಾಯಿತ ಸಚಿವನ ಮಾತಿಗೆ ಜನರಲ್ ತಲೆಬಾಗಬೇಕು ಅನ್ನೋದು ಪ್ರಜಾಪ್ರಭುತ್ವದ ಮೂಲಪಾಠ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಕ್ಕಪಕ್ಕದ ದೇಶಗಳಲ್ಲಿ ಜನರಲ್‌ಗಳು ಗದ್ದುಗೆ ಹಿಡಿದ ಕಾಲ ಅದು. ಆದರೆ ಅಧಿಕಾರ ನನ್ನದು ಅನ್ನೋದಕ್ಕೂ ನಿನ್ನ ಮಾತು ಕೇಳಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಗಾಡಿ ಓಡಿಸುವವನು ಬ್ರೇಕ್ ಹಿಡೀತಿಲ್ಲ ಅಂದಾಗ, ಗಾಡಿ ಕಟ್ಟಿದವನು ಅವನಿಗೇ ಬೈಯಬಾರದು.

1962

ಮೊದಲು ಗೋವಾ. 1961ರ ಡಿಸೆಂಬರಿನಲ್ಲಿ ಸೇನೆ ಪೋರ್ಚುಗೀಸರಿಂದ ಗೋವಾ ಬಿಡಿಸಿತು. ಮುಂದಿನ ಚುನಾವಣೆಯಲ್ಲಿ ಮೆನನ್ ಉತ್ತರ ಬಾಂಬೆಯಲ್ಲಿ ಆಚಾರ್ಯ ಕೃಪಲಾನಿಯಂಥವರನ್ನು ಸೋಲಿಸಿದರು. ಅದು ಅವರ ಶಿಖರ.

ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿತು. ನಮ್ಮ ಸೈನಿಕರ ಕೈಯಲ್ಲಿ ಹಳೆಯ ಪಾಯಿಂಟ್ 303 ರೈಫಲ್, ಮೈಮೇಲೆ ಹಿಮಾಲಯದ ಚಳಿಗೆ ಸಾಲದ ಬಟ್ಟೆ. ಬೆಲ್ಜಿಯಂ ಮಾದರಿಯ ಸೆಲ್ಫ್ ಲೋಡಿಂಗ್ ರೈಫಲ್ ಇಶಾಪುರದಲ್ಲಿ ತಯಾರಾಗಿ ಕೈಗೆ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. ಶಕ್ತಿಮಾನ್ ಇತ್ತು, ಆದರೆ ಗಡಿಯ ಎಷ್ಟೋ ಠಾಣೆಗಳಿಗೆ ರಸ್ತೆಯೇ ಇರಲಿಲ್ಲ. ಸಾಮಾನನ್ನು ಹೆಗಲ ಮೇಲೆ ಹೊರಬೇಕು, ಇಲ್ಲವೇ ವಿಮಾನದಿಂದ ಉದುರಿಸಬೇಕು. ಕಾರ್ಖಾನೆಯಿಂದ ಗಾಡಿ ಹೊರಬಂದರೆ ಸಾಲದು. ಅದು ತಲುಪಬೇಕಾದ ಜಾಗಕ್ಕೆ ದಾರಿ ಇದೆಯಾ ಅಂತ ಅಲ್ಲಿರುವವನನ್ನು ಕೇಳಿರಬೇಕು.

ಅಕ್ಟೋಬರ್ 31ಕ್ಕೆ ಮೆನನ್ ರಕ್ಷಣಾ ಖಾತೆ ಕಳೆದುಕೊಂಡರು. ನೆಹರೂ ಅವರನ್ನು ರಕ್ಷಣಾ ಉತ್ಪಾದನೆಯ ಸಚಿವರಾಗಿ ಉಳಿಸಿಕೊಳ್ಳಲು ನೋಡಿದರು. ಕಾರ್ಖಾನೆಯಾದರೂ ಇರಲಿ ಅನ್ನೋ ಹಾಗೆ. ಪಕ್ಷದವರೇ ಒಪ್ಪಲಿಲ್ಲ. ನವೆಂಬರ್ 7ಕ್ಕೆ ಸಂಪುಟದಿಂದಲೇ ಹೊರಗೆ.

ಸೋಲಿನ ಹೊಣೆ ಮೆನನ್ ಒಬ್ಬರದೇ ಅಲ್ಲ. ನೀತಿ ನೆಹರೂ ಅವರದು, ಹಣದ ಬಿಗಿ ಇಡೀ ಸರ್ಕಾರದ್ದು, ತಪ್ಪು ಲೆಕ್ಕ ಕೆಲವು ಜನರಲ್‌ಗಳದ್ದು ಕೂಡ. ಆದರೂ 1955ರಲ್ಲಿ ಜೀಪಿನ ಲೆಕ್ಕ ಕೇಳದೆ ಕಡತ ಮುಚ್ಚಿದಾಗಲೇ ಒಂದು ಅಭ್ಯಾಸ ಶುರುವಾಗಿತ್ತು ಅಂತ ನನಗನಿಸುತ್ತೆ. ನಮ್ಮವನು, ಪ್ರಾಮಾಣಿಕ, ಉದ್ದೇಶ ಒಳ್ಳೆಯದು, ಹಾಗಾಗಿ ಪ್ರಶ್ನೆ ಬೇಡ ಅನ್ನೋ ಅಭ್ಯಾಸ. ಆ ಅಭ್ಯಾಸದ ಬಿಲ್ಲು ಹಿಮಾಲಯದಲ್ಲಿ ಸೈನಿಕರ ಕೈಗೆ ಬಂತು.

ಏಣಿಯ ಮೇಲೆ ಕೂತವರು

ಮೆನನ್ ಹೋದರೂ ಅವರ ಲಾರಿ ಉಳಿಯಿತು. 1965, 1971ರ ಯುದ್ಧಗಳಲ್ಲಿ ಸೈನ್ಯ ಜಬಲ್ಪುರದ ಗಾಡಿಗಳ ಮೇಲೂ ಓಡಾಡಿತು. 1965ರಲ್ಲಿ ಅಮೆರಿಕ ಶಸ್ತ್ರಾಸ್ತ್ರ ಪೂರೈಕೆ ನಿಲ್ಲಿಸಿದಾಗ ಮೆನನ್ ತರ್ಕ ಸರಿ ಅಂತ ಹಲವರಿಗೆ ಅರ್ಥವಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಆಮೇಲೆ? ಶಕ್ತಿಮಾನ್ 90ರ ದಶಕದವರೆಗೆ ಬಹುಮಟ್ಟಿಗೆ ಅದೇ ಶಕ್ತಿಮಾನ್. ಜೊಂಗಾ ಅದೇ ಜೊಂಗಾ. ಜರ್ಮನಿ, ಜಪಾನಿನ ಕಂಪನಿಗಳು ಆ ಮಾದರಿಗಳನ್ನು ಮರೆತು ಎಷ್ಟೋ ತಲೆಮಾರು ಮುಂದೆ ಹೋಗಿದ್ದವು. ನಾವು ಅದೇ ಡ್ರಾಯಿಂಗ್ ಇಟ್ಟುಕೊಂಡು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದೆವು. ಕೊನೆಗೆ ಜೊಂಗಾ ಜಾಗಕ್ಕೆ ಬಂದದ್ದು ಮಾರುತಿ ಜಿಪ್ಸಿ, ಅದೂ ಸುಜುಕಿಯ ವಿನ್ಯಾಸ. ಶಕ್ತಿಮಾನ್ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್. ಜಬಲ್ಪುರದ ಕಾರ್ಖಾನೆ ಈಗ ಖಾಸಗಿ ಕಂಪನಿಯ ಡ್ರಾಯಿಂಗ್‌ಗೆ ಕೆಲಸ ಮಾಡುವಂತಾಯಿತು.

ನಮ್ಮ ರಾಜ್ಯದ ಕಥೆಯೂ ಭಿನ್ನವಲ್ಲ. 1964ರಲ್ಲಿ ಹುಟ್ಟಿದ ಬೆಂಗಳೂರಿನ ಬೆಮೆಲ್, 1986ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಟಾಟ್ರಾ ಟ್ರಕ್ಕಿಗೆ ಒಪ್ಪಂದ ಮಾಡಿಕೊಂಡಿತು. ಅದ್ಭುತ ಗಾಡಿ. ನಡುವೆ ಕೊಳವೆಯಂಥ ಬೆನ್ನುಮೂಳೆ, ಪ್ರತಿ ಚಕ್ರವೂ ತನ್ನ ಪಾಡಿಗೆ ಏರಿಳಿಯುತ್ತೆ. ನಮ್ಮ ಪೃಥ್ವಿ ಕ್ಷಿಪಣಿ, ಪಿನಾಕಾ ರಾಕೆಟ್ ವ್ಯವಸ್ಥೆ ಇದರ ಬೆನ್ನೇರಿ ಓಡಾಡಿದವು. ಆದರೆ 25 ವರ್ಷ ಕಳೆದರೂ ಸ್ಟೀರಿಂಗ್ ಎಡಗಡೆಯೇ ಇತ್ತು. ಬಲಗಡೆ ಕೂತು ಗಾಡಿ ಓಡಿಸುವ ದೇಶದಲ್ಲಿ! 2012ರಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್, ಟ್ರಕ್ಕುಗಳ ಖರೀದಿಗೆ ಒಪ್ಪಿಗೆ ಕೊಡಲು ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತು ಅಂತ ಆರೋಪಿಸಿದಾಗ ಇಡೀ ದೇಶ ಲಂಚದ ಬಗ್ಗೆ ಮಾತಾಡಿತು. ಸ್ಟೀರಿಂಗ್ ಬಗ್ಗೆ ಮಾತಾಡಿದವರು ಕಡಿಮೆ. ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ: ಇಷ್ಟು ವರ್ಷ ಲೆಕ್ಕ ಕೇಳಿದವರು ಯಾರು?

ಮೆನನ್ ಏಣಿ ತಂದರು. ಅದು ಸಣ್ಣ ಕೆಲಸ ಅಲ್ಲ. ಆದರೆ ಏಣಿ ಹತ್ತಿದೆವಾ ಅಂತ ಯಾರೂ ನೋಡಲಿಲ್ಲ. ಲೈಸೆನ್ಸ್ ಅನ್ನೋದು ಕಲಿಯಲು ಕೊಟ್ಟ ಪುಸ್ತಕ. ನಾವು ಅದನ್ನು ಪ್ರತಿವರ್ಷ ಕಾಪಿ ಹೊಡೆದು ಪಾಸಾದೆವು.

ಕೊನೆಯ ವರ್ಷಗಳು

1967ರಲ್ಲಿ ಕಾಂಗ್ರೆಸ್ ಮೆನನ್‌ಗೆ ಟಿಕೆಟ್ ಕೊಡಲಿಲ್ಲ. ಹೊರಗಿನವ ಅನ್ನೋ ಮಾತು ಬಾಂಬೆಯಲ್ಲಿ ಎದ್ದಿತ್ತು. ಪಕ್ಷೇತರನಾಗಿ ನಿಂತು ಸೋತರು. 1969ರಲ್ಲಿ ಬಂಗಾಳದ ಮಿಡ್ನಾಪುರದಿಂದ, 1971ರಲ್ಲಿ ತಿರುವನಂತಪುರದಿಂದ ಗೆದ್ದು ಮತ್ತೆ ಲೋಕಸಭೆಗೆ ಬಂದರು. ಸುಪ್ರೀಂ ಕೋರ್ಟಿನಲ್ಲಿ ವಕೀಲಿಕೆ ಮಾಡಿದರು. 1974ರ ಅಕ್ಟೋಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ.

ಅವರನ್ನು ದೇಶದ್ರೋಹಿ ಅನ್ನುವವರಿಗೂ ಮಹಾತ್ಮ ಅನ್ನುವವರಿಗೂ ನಾನು ಹೇಳೋದು ಇಷ್ಟೇ. ಕಾರ್ಖಾನೆಯ ವಿಷಯದಲ್ಲಿ ಅವರು ಸರಿ ಇದ್ದರು, ಕೇಳಿಸಿಕೊಳ್ಳುವ ವಿಷಯದಲ್ಲಿ ತಪ್ಪಿದ್ದರು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚೋಕಾಗಲ್ಲ.

ಇವತ್ತು ಯಾವುದೋ ಸ್ವದೇಶಿ ಗಾಡಿ ಗಣರಾಜ್ಯೋತ್ಸವದ ಪರೇಡಿನಲ್ಲಿ ಹೋಗುವಾಗ ಚಪ್ಪಾಳೆ ತಟ್ಟಿ, ನಾನೂ ತಟ್ಟುತ್ತೇನೆ. ಆಮೇಲೆ ಮೂರು ಪ್ರಶ್ನೆ ಕೇಳಿ. ಡ್ರಾಯಿಂಗ್ ಯಾರದ್ದು? ಅದನ್ನು ಬದಲಿಸುವ ಹಕ್ಕು, ವಿದ್ಯೆ ಎರಡೂ ನಮ್ಮಲ್ಲಿದೆಯಾ? ಗಾಡಿ ಕೈಕೊಟ್ಟರೆ ಉತ್ತರ ಕೊಡೋರು ಯಾರು? ಈ ಪ್ರಶ್ನೆ ಕೇಳುವವರನ್ನು ದೇಶದ ವಿರೋಧಿ ಅಂತ ಕರೆದರೆ, ಅದು 1955ರಲ್ಲಿ ಮುಚ್ಚಿದ ಕಡತವನ್ನೇ ಮತ್ತೆ ಮುಚ್ಚಿದ ಹಾಗೆ.

ಮೊನ್ನೆ ಮಾದವಾರದವರೆಗೆ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಹಳೆಯ ಶೆಡ್ಡಿಗೆ ಹೋಗಿದ್ದೆ. ಮೇಸ್ತ್ರಿ ನಿವೃತ್ತರಾಗಿದ್ದಾರೆ. ಲೇತುಗಳ ಜಾಗದಲ್ಲಿ ಸಿಎನ್‌ಸಿ ಮಷೀನುಗಳು ಬಂದಿವೆ. ಇಪ್ಪತ್ತೆರಡರ ಹುಡುಗನೊಬ್ಬ ಸ್ಕ್ರೀನಿನಲ್ಲಿ ಡ್ರಾಯಿಂಗ್ ನೋಡುತ್ತಾ ನಿಂತಿದ್ದ. ಈ ಭಾಗ ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೆ ಈ ಮೂಲೆ ಇಷ್ಟು ಚೂಪಾಗಿರಬಾರದು, ಬಿರುಕು ಬಿಡುತ್ತೆ ಅಂತ ತಾನೇ ಸೇರಿಸಿದ. ಅದನ್ನು ಯಾರಿಗಾದರೂ ಹೇಳಿದೆಯಾ ಅಂತ ಕೇಳಿದೆ. ಹೇಳೋಕೆ ಯಾರಿದ್ದಾರೆ ಅನ್ನೋ ಹಾಗೆ ನಕ್ಕು, ಮಷೀನಿನ ಬಾಗಿಲು ಮುಚ್ಚಿದ.